ಬಾಯಿ ಮುಕ್ಕಳಿಸಿದ ವರ್ಷ

ಹೋದ ತಿಂಗಳು ಕೋಲಾರದಲ್ಲಿ ನನ್ನ ತಂಗಿಯ ಮೊಮ್ಮಗಳ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಹುರುಳಿ ಬೇಯುವ ವಾಸನೆ ಬಂತು. ಈ ವಾಸನೆ ಒಂದು ಥರದ್ದು. ಹಸಿದವರ ಬಾಯಲ್ಲಿ ನೀರೂರಿಸುತ್ತದೆ, ಹಸಿವಿಲ್ಲದವರಿಗೆ ಕೊಟ್ಟಿಗೆ ನೆನಪಾಗುತ್ತದೆ. ನಾನು ಗೋಡೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹುಡುಗಿ ಓಡಿಬಂದು, "ಏನಾಯ್ತಜ್ಜಿ, ಸುಸ್ತಾ?" ಅಂದಳು. "ಏನಿಲ್ಲ ಕಣೇ" ಅಂದು ಒಳಗೆ ಹೋದೆ. ಬೆಳಗ್ಗೆ ಹನ್ನೊಂದು ಗಂಟೆ. ಅವಳ ಎರಡು ಮಕ್ಕಳು ಪಡಸಾಲೆಯಲ್ಲಿ ಉರುಳಾಡುತ್ತಿದ್ದವು.

"ಯಾಕೆ, ಸ್ಕೂಲಿಗೆ ರಜಾನಾ?"

"ಇಲ್ಲಜ್ಜಿ, ಸ್ಕೂಲು ಬಿಡಿಸಿಬಿಟ್ವಿ. ಮನೇಲೇ ನಾವೇ ಓದಿಸ್ತೀವಿ. ಈಗ ತುಂಬಾ ಜನ ಹೀಗೇ ಮಾಡ್ತಾರೆ. ನೀವೂ ನಮ್ಮಜ್ಜೀನೂ ಚಿಕ್ಕವರಿದ್ದಾಗ ಮನೇಲೇ ಓದಿದ್ರಂತಲ್ಲ? ಎಷ್ಟು ಚೆನ್ನಾಗಿದ್ದಿರಬೇಕು!"

ಚೆನ್ನಾಗಿತ್ತಂತೆ! ನಾನು ಮುದ್ದೆ ನುಂಗಿ, ಸಾರು ಇನ್ನೊಂದು ಸಲ ಬಡಿಸಿಕೊಂಡು, ಬಾಯಿ ಬಿಡದೆ ಬಂದೆ. ಆ ಹುಡುಗಿ ಒಳ್ಳೆಯವಳು, ಊಟ ಹಾಕಿದವಳು, ಅವಳ ಮುಖಕ್ಕೆ ಮಂಗಳಾರತಿ ಎತ್ತುವುದು ಸರಿಯಲ್ಲ. ಆದರೆ ಬಂದ ಮಾತು ಹೊಟ್ಟೆಯಲ್ಲೇ ಉಳಿದರೆ ನನಗೆ ಅಜೀರ್ಣವಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಹಿತ್ತಿಲಲ್ಲಿ ನಿಂತರೆ ಆವನಿ ಬೆಟ್ಟ ಕಾಣುತ್ತಿತ್ತು. ಊರಿನವರೆಲ್ಲ ಎರಡು ನಾಲಗೆಯವರು, ಕೆಟ್ಟ ಅರ್ಥದಲ್ಲಲ್ಲ. ಮಕ್ಕಳನ್ನು ಬೈಯಲು ತೆಲುಗು, ದನ ಹೊಡೆಯಲು ತೆಲುಗು, ದೇವರ ಹತ್ತಿರ ಬೇಡಿಕೊಳ್ಳಲು ತೆಲುಗು, ಅಮಲ್ದಾರರು ಬಂದರೆ ಕನ್ನಡ. ಎಲ್ಲಿ ಒಂದು ನಿಂತು ಇನ್ನೊಂದು ಶುರುವಾಯಿತು ಅಂತ ಯಾರೂ ನೋಡುತ್ತಿರಲಿಲ್ಲ. ಅಮ್ಮ ಗಡಿಯಾಚೆಯ ಊರಿನವಳು, ಆಗ ಅದು ಮದರಾಸು ಸೀಮೆ. ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿತಿದ್ದಳು. ಸಂತೆಗೆ, ನೆರೆಹೊರೆಗೆ ಸಾಲುವಷ್ಟು ಧಾರಾಳವಾಗಿ ಆಡುತ್ತಿದ್ದಳು.

ಅಪ್ಪ ಒಬ್ಬರೇ ನಮ್ಮೂರಲ್ಲಿ ಮೈಸೂರು ಕಂಡವರು. ಅಲ್ಲಿ ಎರಡು ವರ್ಷ ಓದಿದರಂತೆ. ಏನು ಓದಿದರು, ಯಾಕೆ ಬಿಟ್ಟು ಬಂದರು ಎಂದು ನಮ್ಮ ತಾತ ಸಾಯುವತನಕ ಕೇಳಿದರೂ ಉತ್ತರ ಸಿಗಲಿಲ್ಲ. ಬರುವಾಗ ಒಂದು ಕರಿ ಕೋಟು, ಒಂದು ಬೆತ್ತ, ಗಂಟಲಿನ ತಳದಿಂದ ಎತ್ತಿ ಆಡುವ ಒಂದು ಬಗೆಯ ಕನ್ನಡ ತಂದರು. ಅವರೂ ಅದೇ ಊರಿನಲ್ಲಿ ಹುಟ್ಟಿ ತೆಲುಗಿನಲ್ಲೇ ಅತ್ತು ಹಾಲು ಕುಡಿದವರು. ಅದನ್ನು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಊರು ಅವರನ್ನು ಎದುರಿಗೆ ಸ್ವಾಮಿ ಅನ್ನುತ್ತಿತ್ತು, ಹಿಂದೆ ಮೈಸೂರಪ್ಪ ಅನ್ನುತ್ತಿತ್ತು. ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದರು. ಕೆಲಸವಿಲ್ಲದ ಮನುಷ್ಯನ ಕೈಗೆ ಒಂದು ಆದರ್ಶ ಸಿಕ್ಕರೆ ಮನೆಯವರ ಗತಿ ಏನಾಗುತ್ತದೆ ಎನ್ನುವುದು ಆ ವರ್ಷ ನನಗೆ ಗೊತ್ತಾಯಿತು.

ಎರಡನೇ ಮಹಾಯುದ್ಧದ ಕಾಲ. ಮೊದಲ ಮಳೆ ಬಿದ್ದು ರಾಗಿ ಹೊಲ ಉಳುತ್ತಿದ್ದರು. ನಾನು ಊರ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಬಂದಿದ್ದೆ, ತಂಗಿ ಪಾಪಚ್ಚಿ ಆಗತಾನೆ ಒಂದನೇದಕ್ಕೆ ಸೇರಿದ್ದಳು. ಮುನಿಸ್ವಾಮಿ ಮೇಷ್ಟ್ರು ಒಬ್ಬರೇ ನಾಲ್ಕೂ ಕ್ಲಾಸಿಗೆ. ಒಂದು ದಿನ ಅಪ್ಪ ಶಾಲೆಯ ಮುಂದೆ ಹಾದುಹೋಗುವಾಗ ಮೇಷ್ಟ್ರು ಪುಟ್ಟ ಮಕ್ಕಳಿಗೆ, "ಪಲಕಲು ತೀಯಂಡ್ರಾ" ಅನ್ನುವುದು ಕಿವಿಗೆ ಬಿತ್ತು. ಸ್ಲೇಟು ತೆಗೆಯಿರಿ ಅಂತ. ಆ ಮಕ್ಕಳಿಗೆ ಇನ್ನೂ ಕನ್ನಡ ತಿರುಗುತ್ತಿರಲಿಲ್ಲ, ಮೇಷ್ಟ್ರು ಬೇರೆ ಹೇಗೆ ಹೇಳಬೇಕಿತ್ತು? ಅಪ್ಪ ಬೆತ್ತ ಕುಟ್ಟಿಕೊಂಡು ಒಳಗೆ ಬಂದರು. "ಇದು ಶಾಲೆಯೋ ದನದ ಸಂತೆಯೋ? ನನ್ನ ಮಕ್ಕಳ ನುಡಿ ಇಲ್ಲಿ ಕೆಡುತ್ತಿದೆ" ಎಂದು ಎಲ್ಲರ ಎದುರಿಗೆ ಮೇಷ್ಟ್ರನ್ನು ಬೈದು, ನಮ್ಮಿಬ್ಬರ ಕೈ ಹಿಡಿದು ಎಳೆದುಕೊಂಡು ಬಂದರು. ನನ್ನ ಬಳಪ ಅಲ್ಲೇ ಉಳಿಯಿತು.

ಮಾರನೆಯ ದಿನದಿಂದ ನಮ್ಮ ಪಡಸಾಲೆಯೇ ಶಾಲೆ. ಅದಕ್ಕೆ ಅವರು ಗುರುಕುಲ ಎಂದು ಹೆಸರಿಟ್ಟರು. ಗುರು ಒಬ್ಬರು, ಕುಲ ನಾವಿಬ್ಬರು.

ಮೊದಲ ಕಟ್ಟಳೆ, ಅಪ್ಪನನ್ನು ನಾಯನಾ ಅನ್ನಕೂಡದು, ಅದು ತೆಲುಗು. ತಂದೆಯವರೇ ಅನ್ನಬೇಕು. ಅಮ್ಮನನ್ನು ತಾಯೇ ಅನ್ನಬೇಕು. ಪಾಪಚ್ಚಿ ಅಂದೇ ಹಿತ್ತಿಲ ಬಾಗಿಲಲ್ಲಿ ನಿಂತು, "ತಾಯೇ" ಅಂತ ರಾಗವಾಗಿ ಕೂಗಿದಳು. ಒಳಗಿದ್ದ ಅಮ್ಮ ಮೊರದಲ್ಲಿ ಒಂದು ಹಿಡಿ ರಾಗಿ ಹಿಡಿದುಕೊಂಡು ಬಂದಳು, ಭಿಕ್ಷದವರು ಅಂತ.

ಎರಡನೆಯ ಕಟ್ಟಳೆ ಇದಕ್ಕಿಂತ ಘನವಾದದ್ದು. ಬಾಯಿಂದ ತೆಲುಗು ಮಾತು ಬಿದ್ದರೆ ಬಾಯಿ ಮೈಲಿಗೆ. ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬು ಯಾವಾಗಲೂ ತುಂಬಿಟ್ಟಿರಬೇಕು. ತಪ್ಪಿ ಆಡಿದವರು ಎದ್ದು ಹೋಗಿ ಬಚ್ಚಲ ಪಕ್ಕದಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿ ಬರಬೇಕು. ಯಾರು ತಪ್ಪಿದರು ಎಂದು ನೋಡಿಕೊಂಡು ಚೊಂಬು ತಂದುಕೊಡುವ ಅಧಿಕಾರ ಪಾಪಚ್ಚಿಯದು. ಆರು ವರ್ಷದ ಮಗುವಿಗೆ ಪೊಲೀಸು ಕೆಲಸ ಕೊಟ್ಟರೆ ಕೇಳಬೇಕೆ? ನಾನು ನಿದ್ದೆಗಣ್ಣಲ್ಲಿ "ಅಬ್ಬಾ, ಚಲಿ" ಅಂದರೂ ಸಾಕು, ಕಂಬಳಿ ಎಳೆದು ಚೊಂಬು ಮುಂದೆ ಹಿಡಿಯುತ್ತಿದ್ದಳು. ಚಳಿ ಅನ್ನಬೇಕಿತ್ತು, ನಾಲಗೆ ಅಷ್ಟು ಹೊರಳಲಿಲ್ಲ, ಅಷ್ಟೇ. ಅಮ್ಮನಿಗೂ ಅದೇ ಕಟ್ಟಳೆ. ಮೊದಲ ವಾರ ಅವಳು ನಾಲ್ಕಾರು ಸಲ ಮುಕ್ಕಳಿಸಿದಳು. ಆಮೇಲೆ ಪಡಸಾಲೆಗೆ ಬಂದರೆ ಮಾತಾಡುವುದನ್ನೇ ಬಿಟ್ಟಳು. ಅಪ್ಪ ಅದನ್ನು ಶಿಸ್ತು ಎಂದುಕೊಂಡರು. ನಾವು ಉಗುಳಿದ ಜಾಗದಲ್ಲಿ ದಂಟಿನ ಸೊಪ್ಪು ಸೊಂಪಾಗಿ ಬೆಳೆಯಿತು. ಅಮ್ಮ ಅದನ್ನೇ ಕಿತ್ತು ಹುಳಿ ಮಾಡಿ ಅಪ್ಪನಿಗೆ ಬಡಿಸುತ್ತಿದ್ದಳು, ಅವರು ಚಪ್ಪರಿಸಿಕೊಂಡು ತಿನ್ನುತ್ತಿದ್ದರು.

ಗುರುಕುಲದ ದಿನಚರಿ ಕೇಳಿ. ಬೆಳಕು ಹರಿಯುವ ಮುಂಚೆ, "ಮಕ್ಕಳೇ, ಏಳಿರಿ, ಅರುಣೋದಯವಾಯಿತು" ಎಂದು ಅಪ್ಪ ಹಾಸಿಗೆಯಿಂದಲೇ ಕೂಗುತ್ತಿದ್ದರು. ನಾವು ಏಳುತ್ತಿದ್ದೆವು, ಅವರು ಮಗ್ಗುಲು ಬದಲಿಸುತ್ತಿದ್ದರು. ಮುಖ ತೊಳೆದು ಬಂದು ಹಳೆಗನ್ನಡದ ಪದ್ಯ ಗಟ್ಟಿಯಾಗಿ ಹೇಳಬೇಕು. ದನಿ ನಿಂತರೆ ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಹೊತ್ತು ಏರಿದ ಮೇಲೆ ಅವರು ಎದ್ದು, ಕಾಫಿ ಕುಡಿದು, ಕನ್ನಡಿ ಮುಂದೆ ಕೂತು ಗಡ್ಡ ಹೆರೆಯುತ್ತಾ ಮತ್ತೆ ಅವೇ ಪದ್ಯ ಹೇಳಿಸುತ್ತಿದ್ದರು. "ತಂದೆಯವರೇ, ಇದರ ಅರ್ಥ ಏನು?" ಅಂತ ಒಮ್ಮೆ ಕೇಳಿದೆ. "ಮೊದಲು ಬಾಯಿಗೆ ಬರಲಿ. ಅರ್ಥ ತಾನಾಗಿ ಬರುತ್ತದೆ" ಅಂದರು. ಅರುವತ್ತು ಎಪ್ಪತ್ತು ವರ್ಷ ಕಳೆಯಿತು, ಇನ್ನೂ ಬಂದಿಲ್ಲ.

ಆಮೇಲೆ ಉಕ್ತಲೇಖನ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಾ ಹೇಳುವುದು, ನಾವು ಸ್ಲೇಟಿನ ಮೇಲೆ ಬರೆಯುವುದು. ನಡೆದು ದಣಿದರೆ ಕೂತು ಹೇಳುತ್ತಿದ್ದರು, ಕೂತರೆ ಒರಗುತ್ತಿದ್ದರು, ಒರಗಿದರೆ ವಾಕ್ಯ ಅಲ್ಲಿಗೆ ನಿಲ್ಲುತ್ತಿತ್ತು. ನಾವು ಬಳಪ ಎತ್ತಿ ಹಿಡಿದುಕೊಂಡು ಕ್ರಿಯಾಪದಕ್ಕೆ ಕಾಯುತ್ತಿದ್ದೆವು. ಗೊರಕೆ ಬರುತ್ತಿತ್ತು. ಸಂಜೆ ಕೆರೆ ಏರಿಯ ಮೇಲೆ ಪ್ರಕೃತಿ ಪಾಠ. ಕರಿ ಕೋಟು ಹಾಕಿಕೊಂಡು ಮುಂದೆ ಅವರು, ಹಿಂದೆ ನಾವು. ಎದುರಿಗೆ ಬಂದವರಿಗೆಲ್ಲ ನಾವು ಕೈಮುಗಿದು "ನಮಸ್ಕಾರಗಳು" ಅನ್ನಬೇಕು. ನಮ್ಮೂರಲ್ಲಿ ಯಾರೂ ಯಾರಿಗೂ ನಮಸ್ಕಾರಗಳು ಅಂದವರಲ್ಲ, ಅವರು ಹಿಂದೆ ಯಾರೋ ಬರುತ್ತಿದ್ದಾರೆ ಅಂತ ತಿರುಗಿ ನೋಡುತ್ತಿದ್ದರು. ರಾತ್ರಿ ಪಾಠ ಇರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಆ ಯುದ್ಧದಿಂದ ನನಗಾದ ಉಪಕಾರ ಅದೊಂದೇ.

ಲೆಕ್ಕ ಮಾತ್ರ ನಮ್ಮ ಗುರುಕುಲದಲ್ಲಿ ಹೆಚ್ಚು ದಿನ ಬಾಳಲಿಲ್ಲ. ಅಪ್ಪ ಚಿಕ್ಕಂದಿನಲ್ಲಿ ಮಗ್ಗಿ ಕಲಿತದ್ದು ತೆಲುಗಿನಲ್ಲಿ. ನನ್ನ ಮಗ್ಗಿ ಸರಿಯೇ ತಪ್ಪೇ ಎಂದು ನೋಡಬೇಕಾದರೆ ಅವರು ಮೊದಲು ತುಟಿಯೊಳಗೆ "ರೆಂಡು ರೆಳ್ಳು ನಾಲುಗು" ಎಂದು ಗೊಣಗಿಕೊಂಡು ಆಮೇಲೆ ಕನ್ನಡಕ್ಕೆ ತರಬೇಕಿತ್ತು. ಒಂದು ದಿನ ಪಾಪಚ್ಚಿ ಅದನ್ನು ಕೇಳಿಸಿಕೊಂಡು ಚೊಂಬು ತಂದು ಅವರ ಮುಂದೆ ಹಿಡಿದಳು. ಅವರ ಮುಖ ಕೆಂಪಾಯಿತು. "ಲೆಕ್ಕವು ಅಂಗಡಿಯವರಿಗೆ. ನಮಗೆ ಸಾಹಿತ್ಯ ಸಾಕು" ಎಂದುಬಿಟ್ಟರು. ಅಲ್ಲಿಗೆ ಮಗ್ಗಿ ಮುಗಿಯಿತು. ಒಬ್ಬ ಮನುಷ್ಯ ತನ್ನ ನಾಲಗೆಗೆ ಹೆದರಿ ಮಕ್ಕಳ ಲೆಕ್ಕ ಕಿತ್ತುಕೊಂಡ ಕಥೆ ಇದು, ಇದಕ್ಕೆ ಆದರ್ಶ ಅಂತ ಹೆಸರು.

ಶಾಲೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಧ್ಯಾಹ್ನ ಅಪ್ಪ ಗೊರಕೆ ಹೊಡೆಯುವಾಗ ಅಲ್ಲಿನ ಮಕ್ಕಳು ಒಟ್ಟಿಗೆ ಮಗ್ಗಿ ಕೂಗುವುದು ಕೇಳಿಸುತ್ತಿತ್ತು. ಗಾಳಿ ಬೀಸಿದರೆ ಪೂರ್ತಿ, ಇಲ್ಲದಿದ್ದರೆ ಅರ್ಧ. ನಾನು ತುಟಿ ಅಲ್ಲಾಡಿಸುತ್ತಿದ್ದೆ. ಆರರ ಮಗ್ಗಿಯವರೆಗೆ ಜೊತೆ ಸಿಗುತ್ತಿತ್ತು, ಏಳರದಕ್ಕೆ ಅವರು ಮುಂದೆ ಹೋಗಿಬಿಡುತ್ತಿದ್ದರು. ನಮ್ಮೂರಲ್ಲಿ ಹೆಣ್ಣುಮಕ್ಕಳನ್ನು ಹನ್ನೆರಡಕ್ಕೆ ಶಾಲೆ ಬಿಡಿಸುತ್ತಿದ್ದರು. ನನಗೆ ಹತ್ತು ನಡೆಯುತ್ತಿತ್ತು. ನಾಲ್ಕನೇ ಕ್ಲಾಸು ಮುಗಿಸುವುದಿದ್ದರೆ ಈಗಲೇ ಹೋಗಬೇಕು, ಇಲ್ಲದಿದ್ದರೆ ಅರ್ಥ ಗೊತ್ತಿಲ್ಲದ ಪದ್ಯ ಹೇಳಿಕೊಂಡು ಇನ್ನೊಬ್ಬರ ಮನೆಯ ಒಲೆ ಊದಬೇಕು. ರಾಗಿ ಕೊಯ್ಲಾದ ಮೇಲೆ ಒಂದು ದಿನ ಒಲೆಯ ಮುಂದೆ ಕೂತು ಇದನ್ನು ಅಮ್ಮನಿಗೆ ಹೇಳಿದೆ. ಅತ್ತುಬಿಟ್ಟೆ ಕೂಡ. ಅವಳು ನನ್ನ ತಲೆ ನೇವರಿಸಿ ಪಿಸುದನಿಯಲ್ಲಿ, "ಉಂಡು, ಚೂಸ್ತಾಂ" ಅಂದಳು. ಇರು, ನೋಡೋಣ. ಅಡುಗೆಮನೆಯಲ್ಲಿ ಪಿಸುಮಾತಿಗೆ ಕಟ್ಟಳೆ ಇರಲಿಲ್ಲ.

ಹುರುಳಿ ಕಿತ್ತು ಬಡಿಯುವ ಕಾಲಕ್ಕೆ ಶಾಲೆ ನೋಡಲು ಇನ್ಸ್‌ಪೆಕ್ಟರು ಬರುತ್ತಾರೆ ಎಂದು ಸುದ್ದಿ ಬಂತು. ಅಪ್ಪ ಹಿಗ್ಗಿಹೋದರು. ಅವರನ್ನು ಊಟಕ್ಕೆ ಕರೆದು, ನಮ್ಮಿಂದ ಪದ್ಯ ಹೇಳಿಸಿ, ಈ ಸೀಮೆಯಲ್ಲಿ ಕನ್ನಡ ಉಳಿದಿರುವುದು ಒಂದೇ ಮನೆಯಲ್ಲಿ ಎಂದು ಅವರ ಬಾಯಿಂದ ಅನ್ನಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿದರು. ಅಂಗಡಿಯವರಿಗೆ ಬಿಟ್ಟ ಲೆಕ್ಕ ಇಲ್ಲಿ ಬೇಕಾಯಿತು ನೋಡಿ. ಅಮ್ಮನಿಗೆ ಅನ್ನ, ತೊಗರಿಬೇಳೆ ಹುಳಿ, ಪಾಯಸ ಎಂದು ಅಪ್ಪಣೆಯಾಯಿತು. ತೊಗರಿಬೇಳೆ ಎಲ್ಲಿತ್ತು? ಯುದ್ಧದಲ್ಲಿ ಅಂಗಡಿಯವನೇ ಬೇಳೆ ಕಂಡು ಎಷ್ಟೋ ದಿನವಾಗಿತ್ತು. ಅಮ್ಮ ಹಿಂದಿನ ದಿನದಿಂದಲೇ ಕೆಂಡದ ಮೇಲೆ ಮಡಕೆಯಿಟ್ಟು ಹುರುಳಿ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿದಳು. ಅವಳ ತವರಿನ ಸಾರು. ಅದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಅವಳಿಗೂ ಅದು ಗೊತ್ತಿತ್ತು.

ಮಧ್ಯಾಹ್ನ ಇನ್ಸ್‌ಪೆಕ್ಟರು ಬಂದರು. ದಪ್ಪನೆಯ ಮನುಷ್ಯ, ರುಮಾಲು, ಹಸಿವಿನಿಂದ ಬಾಡಿದ ಮುಖ. ಅಪ್ಪ ಬಾಗಿಲಲ್ಲಿ ನಿಂತು, "ತಮ್ಮ ಪಾದಧೂಳಿಯಿಂದ ಈ ಗೃಹವು ಪಾವನವಾಯಿತು" ಎಂದು ಶುರುಮಾಡಿದರು. ಪಾಪ, ಅವರು ಮರ್ಯಾದಸ್ಥರು. ಇಷ್ಟು ದೊಡ್ಡ ಮಾತಿಗೆ ಸರಿಸಮವಾದ ಒಂದು ಮಾತು ಹೇಳಬೇಕಲ್ಲ ಎಂದು ಆ ಕಡೆ ಈ ಕಡೆ ನೋಡಿ, ಮೂಗಿನ ತುಂಬ ಗಾಳಿ ಎಳೆದುಕೊಂಡು, "ಆಹಾ! ತಮ್ಮ ಗೃಹವೆಲ್ಲ ಕಂಪು!" ಅಂದರು.

ಅಪ್ಪನಿಗೆ ಆನಂದವಾಯಿತು. ಕಂಪು ಅಂದರೆ ಸುಗಂಧ. ಪುಸ್ತಕದ ಕನ್ನಡ. ಆದರೆ ನಮ್ಮ ಕಡೆ ಆ ಮಾತು ಬಾಯಿಗೆ ಬರುವುದು ಇಲಿ ಸತ್ತು ನಾರಿದಾಗ. ತೆಲುಗಿನಲ್ಲಿ ಕಂಪು ಅಂದರೆ ದುರ್ನಾತ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಎಷ್ಟು ತಿಂಗಳಿನಿಂದ ಬಾಯಿ ಮುಚ್ಚಿಕೊಂಡಿದ್ದಳೋ ಅಷ್ಟೂ ಒಂದೇ ಸಲ ಹೊರಗೆ ಬಂತು.

"ಕಂಪಾ? ನಾ ಇಲ್ಲು ಕಂಪಾ? ನಿನ್ನಟಿ ನುಂಚಿ ಪೊಯ್ಯಿ ಮುಂದರ ಕೂಸೋನಿ ಚೇಸ್ತಿನೇ! ಎವುರಿ ಇಂಟಿಕಿ ವಚ್ಚಿ ಎವುರಿನಿ ಅಂಟಾರು ಮೀರು?" ನಿನ್ನೆಯಿಂದ ಒಲೆ ಮುಂದೆ ಕೂತು ಮಾಡಿದ್ದೇನೆ, ಯಾರ ಮನೆಗೆ ಬಂದು ಯಾರನ್ನು ಅನ್ನುತ್ತೀರಿ ಎಂದು ಕೇಳಿದಳು, ಸರ್ಕಾರಿ ಅಧಿಕಾರಿಯನ್ನು!

ಇನ್ಸ್‌ಪೆಕ್ಟರು ಒಂದು ಗಳಿಗೆ ದಿಕ್ಕುತಪ್ಪಿದರು. ಆಮೇಲೆ ಏನಾಯಿತು ಎನ್ನುವುದು ಅವರಿಗೆ ಹೊಳೆಯಿತು. ಎರಡೂ ಕೆನ್ನೆ ಬಡಿದುಕೊಂಡರು. "ಅಯ್ಯೋ, ತಪ್ಪು ನಾದಿ ತಲ್ಲೀ! ಕಂಪು ಕಾದು, ವಾಸನ! ಮಂಚಿ ವಾಸನ! ಮಾ ಅಮ್ಮ ಚೇಸಿನಟ್ಟೇ ಉಂದಿ" ಅಂದರು. ತಪ್ಪು ನನ್ನದು ತಾಯಿ, ನಾತ ಅಲ್ಲ, ಒಳ್ಳೆಯ ವಾಸನೆ, ನಮ್ಮಮ್ಮ ಮಾಡಿದ ಹಾಗೇ ಇದೆ. ಅಚ್ಚ ಶ್ರೀನಿವಾಸಪುರದ ತೆಲುಗು.

ಅಮ್ಮನ ಸೌಟು ಕೆಳಗಿಳಿಯಿತು. ಅಷ್ಟರಲ್ಲಿ ಪಾಪಚ್ಚಿ ಎದ್ದಳು. ಕಟ್ಟಳೆ ಅಂದರೆ ಕಟ್ಟಳೆ. ತುಂಬಿದ ಚೊಂಬನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತಳು.

"ಕೈ ತೊಳೆಯೋಕಾ ಮಗೂ?"

"ಅಲ್ಲ. ಬಾಯಿ ಮುಕ್ಕಳಿಸೋಕೆ. ತೆಲುಗು ಮಾತಾಡಿದ್ರೆ ಬಾಯಿ ಮೈಲಿಗೆ ಆಗತ್ತೆ. ಮೂರು ಸಲ ಉಗುಳ್ಬೇಕು."

"ಯಾರು ಹೇಳಿದ್ದು?"

ಪಾಪಚ್ಚಿ ಅಪ್ಪನ ಕಡೆ ಬೆರಳು ತೋರಿಸಿದಳು. ಅಪ್ಪ ಕೋಟಿನ ಗುಂಡಿ ನೋಡಿಕೊಳ್ಳುತ್ತಿದ್ದರು. ಇನ್ಸ್‌ಪೆಕ್ಟರು ಚೊಂಬು ತೆಗೆದುಕೊಂಡು, ಬಚ್ಚಲ ಪಕ್ಕಕ್ಕೆ ಹೋಗಿ, ಮೂರು ಸಲ ಮುಕ್ಕಳಿಸಿ, ಸದ್ದು ಮಾಡಿ ಉಗುಳಿ ಬಂದರು. "ಶುದ್ಧ ಆಯ್ತಾ ಮಗೂ?" ಅಂದರು. ಆಯಿತು ಅಂತ ಪಾಪಚ್ಚಿ ತಲೆಯಾಡಿಸಿದಳು. ಅಪ್ಪನ ಮಾನ ಹೋದ ಸದ್ದು ಯಾವುದಾದರೂ ಇದ್ದರೆ ಅದು ಆ ಉಗುಳಿದ ಸದ್ದೇ. ಹತ್ತು ವರ್ಷದ ನನಗೆ ಅಯ್ಯೋ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಎಲೆ ಹಾಕಿದರು. ಇನ್ಸ್‌ಪೆಕ್ಟರು ಪಾಯಸದ ಕಡೆ ನೋಡಲಿಲ್ಲ, ಮುದ್ದೆ ಕೇಳಿ ಹಾಕಿಸಿಕೊಂಡು ಸಾರಿನಲ್ಲಿ ಮುಳುಗಿದರು. ಊಟವಾದ ಮೇಲೆ ಅಪ್ಪ ಧೈರ್ಯ ತಂದುಕೊಂಡು ನನ್ನಿಂದ ಪದ್ಯ ಹೇಳಿಸಿದರು. ಒಂದು ಅಕ್ಷರ ತಪ್ಪದೆ ಹೇಳಿದೆ.

"ಭೇಷ್. ಏನಮ್ಮ ಇದರ ಅರ್ಥ?"

ನಾನು ಅಪ್ಪನ ಮುಖ ನೋಡಿದೆ.

"ಹೋಗ್ಲಿ ಬಿಡು. ಏಳೊಂಬತ್ಲ?"

ಬೆರಳು ಮಡಚಿ ಎಣಿಸತೊಡಗಿದೆ, ಬೆರಳು ಸಾಲಲಿಲ್ಲ. ಕಣ್ಣಲ್ಲಿ ನೀರು ಬಂತು. "ಲೆಕ್ಕಕ್ಕೆ ನಮ್ಮಲ್ಲಿ ಅಷ್ಟಾಗಿ ಪ್ರಾಶಸ್ತ್ಯ…" ಎಂದು ಅಪ್ಪ ಏನೋ ಶುರುಮಾಡಿದರು. ಅವರ ಮಾತು ಮುಗಿಯುವ ಮುಂಚೆ ಅಮ್ಮ ಪಡಸಾಲೆಯ ನಡುವಿಗೇ ಬಂದು ಇನ್ಸ್‌ಪೆಕ್ಟರಿಗೆ, "ಈ ಬಿಡ್ಡನಿ ಬಡಿಕಿ ಅಂಪಿಚ್ಚಂಡಿ ಸಾಮೀ" ಅಂದಳು. ಈ ಮಗುವನ್ನ ಶಾಲೆಗೆ ಕಳಿಸೋ ಹಾಗೆ ಮಾಡಿ ಸ್ವಾಮಿ. ಗಟ್ಟಿಯಾಗಿ ಅಂದಳು. ಪಾಪಚ್ಚಿ ಈ ಸಲ ಚೊಂಬು ಮುಟ್ಟಲಿಲ್ಲ.

ಇನ್ಸ್‌ಪೆಕ್ಟರು ಅಪ್ಪನ ಕಡೆ ತಿರುಗಿ, "ಕಳಿಸಿಕೊಡಿ ಸ್ವಾಮಿ. ಮೇಷ್ಟ್ರಿಗೆ ನಾನು ಹೇಳಿರ್ತೀನಿ" ಅಂದರು.

"ನಾನೂ ಅದನ್ನೇ ಆಲೋಚಿಸುತ್ತಿದ್ದೆ" ಅಂದರು ಅಪ್ಪ. ಜಾರಿ ಬಿದ್ದ ಜಟ್ಟಿ, ಮೀಸೆ ಮಣ್ಣಾಗಲಿಲ್ಲ.

ಇನ್ಸ್‌ಪೆಕ್ಟರ ಜಟಕಾ ಊರು ದಾಟಿತೋ ಇಲ್ಲವೋ, ಅಪ್ಪನ ಆಲೋಚನೆ ಬದಲಾಯಿತು. "ಇನ್ಸ್‌ಪೆಕ್ಟರುಗಳು ಬರುತ್ತಾರೆ, ಹೋಗುತ್ತಾರೆ. ಗುರುಕುಲವು ನಡೆಯುತ್ತದೆ" ಎಂದು ಘೋಷಿಸಿದರು. ನಾನು ಅಳುತ್ತಾ ಒಳಗೆ ಓಡಿದೆ. ಅಮ್ಮ ಕೂಗಾಡಲಿಲ್ಲ. ಅವರ ಜೊತೆ ಕನ್ನಡ ಆಡುವುದನ್ನು ನಿಲ್ಲಿಸಿದಳು, ಅಷ್ಟೇ. ಆ ರಾತ್ರಿ ಮಡಕೆ ಹಿಡಿದುಕೊಂಡು ಬಂದು, "ತಿಂಟಾರಾ?" ಅಂದಳು. ಅಪ್ಪ ತೆಲುಗೇ ಗೊತ್ತಿಲ್ಲದವರ ಹಾಗೆ ಗೋಡೆ ನೋಡಿದರು. ಬೇಡವೇನೋ ಅಂದುಕೊಂಡವಳಂತೆ ಅಮ್ಮ ಮಡಕೆ ಒಳಗೆ ತೆಗೆದುಕೊಂಡು ಹೋದಳು. ಬೆಳಗ್ಗೆಯೂ ಹಾಗೇ. ಮಧ್ಯಾಹ್ನ ನಮಗಿಬ್ಬರಿಗೆ ಬಡಿಸುವಾಗ ಅವರು ಜಗಲಿಯಿಂದ ಒಮ್ಮೆ ಒಳಗೆ ಬಂದು, ಕೆಮ್ಮಿ, ಹೊರಗೆ ಹೋದರು. ಆದರ್ಶ ದೊಡ್ಡದು, ನಿಜ. ಹೊಟ್ಟೆ ಅದಕ್ಕಿಂತ ಹಳೆಯದು. ಮಾರನೆಯ ಸಂಜೆ ಅಮ್ಮ ಮತ್ತೆ, "ತಿಂಟಾರಾ?" ಅಂದಾಗ ಅಪ್ಪ ಗೋಡೆಗೇ ಹೇಳುವ ಹಾಗೆ, "ತಿಂಟಾನು" ಅಂದರು. ತಿನ್ನುತ್ತೇನೆ.

ಅಮ್ಮ ಎಲೆ ಹಾಕಿ, ಮುದ್ದೆ ಇಟ್ಟು, ಸಾರು ಬಡಿಸಿ, ಎದುರಿಗೆ ಕೂತು, "ರೇಪು ಪಿಲ್ಲಲ್ನಿ ಬಡಿಕಿ ತೀಸ್ಕ ಪೋತಾ" ಅಂದಳು. ನಾಳೆ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತೇನೆ ಅಂತ. ಕೇಳಲಿಲ್ಲ, ಹೇಳಿದಳು. ಅಪ್ಪ ಬಾಯಿ ತುಂಬ ಮುದ್ದೆ ಇಟ್ಟುಕೊಂಡಿದ್ದರು.

ಮುನಿಸ್ವಾಮಿ ಮೇಷ್ಟ್ರು ನಮ್ಮನ್ನು ಕಂಡು ಹಳೆಯದೇನನ್ನೂ ಎತ್ತಲಿಲ್ಲ. "ರಾಮ್ಮಾ, ಬಾ" ಅಂದರು, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ನನ್ನಿಂದ ಮಗ್ಗಿ ಹೇಳಿಸಿದರು, ಒಂದು ಕೂಡುವ ಲೆಕ್ಕ, ಒಂದು ಕಳೆಯುವ ಲೆಕ್ಕ ಕೊಟ್ಟರು. ನೋಡಿ ನಿಟ್ಟುಸಿರು ಬಿಟ್ಟರು. "ಎಲ್ಲಾ ಮರ್ತೋಗಿದೆ ಕಣಮ್ಮ. ಎರಡನೇ ಕ್ಲಾಸಲ್ಲಿ ಕೂತ್ಕೋ, ಆಮೇಲೆ ನೋಡೋಣ" ಅಂದರು. ನನ್ನ ಮೊಣಕೈ ಎತ್ತರದ ಮಕ್ಕಳ ನಡುವೆ ಕೂತೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮಗ್ಗಿ ಕೂಗುವಾಗ ನನ್ನ ದನಿಯೇ ಎಲ್ಲರಿಗಿಂತ ಗಟ್ಟಿ.

ಬೇಸಿಗೆಯಲ್ಲಿ ಮಾಲೂರಿನಲ್ಲಿ ನೆಂಟರ ಮದುವೆ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿಯುತ್ತಾ ಹೋದೆವು. ಮದುವೆ ಮನೆಯ ಬಾಗಿಲಲ್ಲಿ ಅಪ್ಪ ಕರಿ ಕೋಟು ಕೊಡವಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, "ದೊಡ್ಡಪ್ಪ ಕೇಳಿದರೆ ನಾಲ್ಕನೆಯ ತರಗತಿ ಎಂದು ಹೇಳು" ಅಂದರು. ನಾನು ತಲೆಯಾಡಿಸಿದೆ. ಚಪ್ಪರದ ಕೆಳಗೆ ಇಪ್ಪತ್ತು ಮೂವತ್ತು ಜನ ನೆಂಟರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ದೊಡ್ಡಪ್ಪ ನನ್ನನ್ನು ಹತ್ತಿರಕ್ಕೆ ಕರೆದು, ಗಲ್ಲ ಹಿಡಿದು, "ನಮ್ಮ ಮೈಸೂರಿನವನ ಮಗಳಲ್ವೇನೇ ನೀನು? ಈಗ ಎಷ್ಟನೇ ಕ್ಲಾಸೇ?" ಅಂದರು. ಅಪ್ಪ ಪಕ್ಕದಲ್ಲೇ ಬೆತ್ತದ ಮೇಲೆ ಕೈಯಿಟ್ಟು ನಿಂತಿದ್ದರು.

"ಮೂರನೇದ್ರಲ್ಲಿದ್ದೆ ದೊಡ್ಡಪ್ಪಾ" ಅಂದೆ, ಮಗ್ಗಿ ಕೂಗುವ ದನಿಯಲ್ಲೇ. "ಆಮೇಲೆ ಅಪ್ಪ ಮನೇಲಿ ಹೇಳಿಕೊಟ್ರು. ಈಗ ಎರಡನೇದು."